ಬ್ಯಾನರಿನ ಹುಡುಗ, ಬ್ಯಾರೆಲ್ಲಿನ ಹುಡುಗ

ಮೊದಲ ನೋಟದಲ್ಲೇ ಪ್ರೀತಿ ಆಗುತ್ತದೆ ಎನ್ನುತ್ತಾರೆ.

ದ್ರಾಕ್ಷಾಯಿಣಿಗೆ ಮೊದಲ ನೋಟದಲ್ಲೇ ವಾಂತಿ ಆಯಿತು!

ಅದೂ ಎಲ್ಲಿ? ಸೀದಾ ಹೀರೋನ ಗಮ್‌ಬೂಟಿನ ಮೇಲೆ.

ತಪ್ಪು ಅವಳದಲ್ಲ. ರಾಣೆಬೆನ್ನೂರಿನ ಆ ಬೀಜದ ಕಂಪನಿಯ ಹಿಂದಿನ ಶೆಡ್ಡಿಗೆ ಮೂಗಿದ್ದವರು ಯಾರೂ ತಾವಾಗಿ ಹೋಗುವುದಿಲ್ಲ. ಸಾಲಾಗಿ ನಿಂತ ಹದಿನೆಂಟು ನೀಲಿ ಬ್ಯಾರೆಲ್. ಒಂದೊಂದರಲ್ಲೂ ಹಿಚುಕಿದ ಟೊಮ್ಯಾಟೊ. ಬೀಜ ಬಿಡಲಿ ಅಂತ ಎರಡು ದಿನ ಕೊಳೆಸಿದ್ದು. ಮೇಲೆ ಬಿಳಿ ನೊರೆ, ನೊರೆಯ ಮೇಲೆ ನೊಣ, ಆ ನೊಣದ ಮೇಲೆ ಇನ್ನೊಂದು ನೊಣ. ಹುಳಿ ಹೆಂಡ, ಒದ್ದೆ ಸಾಕ್ಸು, ಸತ್ತ ಇಲಿ... ಮೂರನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿದರೆ ಬರುವ ವಾಸನೆ.

ಅಪ್ಪ ಕೊಟ್ಟಿದ್ದ ಬೀಜದ ಸ್ಯಾಂಪಲ್ಲಿನ ರಿಪೋರ್ಟ್ ತರಲು ಬಂದವಳು, ಆಫೀಸಿನ ಬಾಗಿಲು ತಪ್ಪಿ ಇಲ್ಲಿಗೆ ನುಗ್ಗಿದ್ದಳು. ಬ್ಯಾರೆಲ್ಲಿನೊಳಗೆ ಮೊಣಕೈವರೆಗೆ ಕೈ ಇಳಿಸಿ ಕಲಕುತ್ತಿದ್ದವನು "ಯಾರ್ರಿ?" ಎಂದು ತಿರುಗಿದ. ಅಷ್ಟೇ. ಬೆಳಿಗ್ಗೆ ತಿಂದ ಮಂಡಕ್ಕಿ ಒಗ್ಗರಣೆ ಹೊರಗೆ ಬಂತು.

ಸಿನಿಮಾ ಆಗಿದ್ದರೆ ಇಲ್ಲಿ ಗಾಳಿ ಬೀಸಬೇಕಿತ್ತು, ದುಪಟ್ಟಾ ಹಾರಬೇಕಿತ್ತು. ಅವಳು ಅದೇ ದುಪಟ್ಟಾದಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು.

"ಇರಲಿ ಬಿಡ್ರಿ," ಎಂದ ಅವನು, ತನ್ನ ಬೂಟು ನೋಡಿಕೊಂಡು. "ಇವತ್ತ ಈ ಶೆಡ್ಡಿನ್ಯಾಗ ಬಂದ ವಾಸನಿಯೊಳಗ ಇದ ಭಾಳ ಚೊಲೋದು."

"ಥೂ! ಇದೇನು ಮನಷ್ಯಾರು ಮಾಡೋ ಕೆಲಸೇನ್ರಿ?"

"ಎಮ್ಮಿಗೆ ಕೇಳಿದ್ವಿ. ಒಲ್ಲೆ ಅಂದ್ವು."

ಹೇಸಿಗೆಯ ನಡುವೆಯೂ ಅವಳಿಗೆ ನಗು ಬಂದುಬಿಡುತ್ತಿತ್ತು. ಆದರೆ ಆಗಲೇ ಅವಳು ಅವನ ಮುಖ ಸರಿಯಾಗಿ ನೋಡಿದ್ದು.

ಈ ಮುಖ... ಈ ಮುಖ ನಾ ನೋಡೇನಿ!

ಹಾವೇರಿ ಬಸ್ ಸ್ಟ್ಯಾಂಡಿನ ಎದುರು ಬಸ್ಸಿನಷ್ಟೇ ದೊಡ್ಡದಾಗಿ ನಿಂತಿದೆ ಈ ಮುಖ! ಬ್ಯಾಗಿನಲ್ಲಿ ಮಡಚಿಟ್ಟಿದ್ದ ಬಣ್ಣದ ಕಾಗದವನ್ನು ಅವಳು ಗಬಗಬನೆ ಬಿಡಿಸಿದಳು. 'ಹಸಿರುಸಿರಿ ಕೃಷಿ ಮಹಾವಿದ್ಯಾಲಯ'. ಬಿಳಿ ಕೋಟು, ಕೈಯಲ್ಲಿ ಗಾಜಿನ ಕೊಳವೆ, ಹಲ್ಲು ತುಂಬ ನಗು. ಕೆಳಗೆ ಅಕ್ಷರ: 'ನಮ್ಮ ಹೆಮ್ಮೆಯ ಯಲ್ಲೇಶ, ಬೀಜ ವಿಜ್ಞಾನಿ. ವರ್ಷಕ್ಕೆ ಒಂಬತ್ತು ಲಕ್ಷ ಸಂಬಳ!'

"ಇದು... ನೀವು?"

"ಫೋಟೋದಾಗ ಸ್ವಲ್ಪ ಬೆಳ್ಳಗ ಅದೇನಿ."

"ಒಂಬತ್ತು ಲಕ್ಷ?"

"ಅದು ಬ್ಯಾನರಿಗೆ ಕೊಡತಾರ್ರಿ. ನನಗ ತಿಂಗಳಿಗೆ ಹನ್ನೊಂದು ಸಾವಿರ."

"ವಿಜ್ಞಾನಿ?"

"ಆ ಕೋಟು ದವಾಖಾನಿ ಕಂಪೌಂಡರಂದ್ರಿ. ಹತ್ತ ನಿಮಿಷಕ್ಕ ಇಸಗೊಂಡಿದ್ರು."

ಅವನು ತಮಾಷೆಯಾಗಿಯೇ ಹೇಳಿದ. ಆದರೆ ದ್ರಾಕ್ಷಾಯಿಣಿ ಆ ಕಾಗದವನ್ನು ಅವನ ಮೂಗಿಗೆ ಹಿಡಿದಳು.

"ನಮ್ಮಪ್ಪ ನಿಮ್ಮ ಮಾರಿ ನೋಡಿ ಹೊಲ ಮಾರಾಕ ನಿಂತಾನ! ಈ ಶನಿವಾರ ಈ ಕಾಲೇಜಿಗೆ ರೊಕ್ಕಾ ಕಟ್ಟಾಂವ ಅದಾನ! ನಿಮಗ ನಾಚಿಗಿ ಆಗಂಗಿಲ್ಲೇನು?"

ಅವನ ನಗು ನಿಂತಿತು. "ಆಗತೇತ್ರಿ."

"ಮತ್ತ ಆ ಬೋರ್ಡ್ ತಗೀರಿ ಅಂತ ಯಾಕ ಹೇಳಲಿಲ್ಲ?"

ಅವನು ಮತ್ತೆ ಬ್ಯಾರೆಲ್ಲಿಗೆ ಕೈ ಇಳಿಸಿದ. ಅವಳು ಮೊಬೈಲ್ ತೆಗೆದು, ಆ ನೊರೆ, ಆ ನೊಣ, ಆ ಕೈಗಳ ಸಮೇತ ಅವನ ಫೋಟೋ ಹೊಡೆದುಕೊಂಡಳು.

ಥೂ! ಎಂಥಾ ಹೇಸಿ ಮನಷ್ಯಾ!

* * *

ಕರ್ಜಗಿಯ ಮನೆಯಲ್ಲಿ ಇನ್ನೊಂದು ವಾಸನೆ ಕಾದಿತ್ತು. ಸೆಂಟಿನದು.

ಕಾಲೇಜಿನ ಏಜೆಂಟ್ ಸುಭಾಷ ಹೊರಸಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಬಿಳಿ ಬೂಟು, ಕರಿ ಕನ್ನಡಕ. ಅಮ್ಮ ಕೊಟ್ಟ ಮಜ್ಜಿಗೆಯ ಮೇಲೆ ಅವನ ಸೆಂಟು ಕೂತು, ಮಜ್ಜಿಗೆಯೇ ಮದುವೆಗೆ ಹೊರಟಂತೆ ಘಮಘಮಿಸುತ್ತಿತ್ತು.

"ನಾಲ್ಕು ವರ್ಷ ಕಣ್ಣು ಮುಚ್ಚಿ ತೆಗೆಯೋದ್ರೊಳಗ ಮುಗೀತಾವ ಅಂಕಲ್. ಎಲ್ಲಾ ಸೇರಿ ಒಂಬತ್ತು ಲಕ್ಷ. ಆಮೇಲೆ ಮೊದಲ ವರ್ಷದ ಸಂಬಳಾನ ಒಂಬತ್ತು ಲಕ್ಷ! ಸಿಸ್ಟರ್ ಲೈಫ್ ಸೆಟ್ಲ್!"

ಅಪ್ಪ ಮೈಲಾರೆಪ್ಪ ತಲೆ ಆಡಿಸಿದ. ಆತ ಮೂವತ್ತು ವರ್ಷದಿಂದ ಕಂಪನಿಗಳಿಗೆ ಬೀಜ ಬೆಳೆದುಕೊಟ್ಟವನು. ಟೊಮ್ಯಾಟೊ, ಮೆಣಸಿನಕಾಯಿ. ಮಗಳಿಗೂ ಅದೇ ಹುಚ್ಚು. ಸಂಜೆ ಹೂವಿನ ಕೇಸರ ಚಿಮಟಿಯಿಂದ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸುವ ಆ ನಾಜೂಕಿನ ಕೆಲಸದಲ್ಲಿ ಅವಳ ಕೈ ಅಪ್ಪನಿಗಿಂತ ಚುರುಕು. ಕೃಷಿ ಓದಬೇಕು ಎಂಬುದು ಅವಳ ಒಂದೇ ಆಸೆ. ಸರ್ಕಾರಿ ಡಿಗ್ರಿ ಸೀಟು ಅವಳ ರ‍್ಯಾಂಕಿಗೆ ಸಿಗಲಿಲ್ಲ. ಉಳಿದದ್ದು ಎರಡು ದಾರಿ. ಒಂದು, ಎರಡು ವರ್ಷದ ಸರ್ಕಾರಿ ಡಿಪ್ಲೋಮಾ. ಪೂರ್ತಿ ಖರ್ಚು ಒಂದು ಎಮ್ಮೆಯ ಬೆಲೆ. ಇನ್ನೊಂದು ಈ ಹಸಿರುಸಿರಿ. ಅದರ ಬೆಲೆ ವರದಾ ಹೊಳೆಯ ದಂಡೆಯ ಎರಡು ಎಕರೆ. ಅವಳು ಹೂವು ಮುಟ್ಟಿ ಬೆಳೆದ ಅದೇ ಹೊಲ!

ಹೊಲ ಮಾರಿ ಹೊಲದ ವಿದ್ಯೆ ಕಲಿಯುವುದು. ಯಾರಿಗಾದರೂ ಹೇಳಿದರೆ ಕಾಮಿಡಿ ಸೀನು ಎಂದು ಸೀಟಿ ಹೊಡೆಯುತ್ತಾರೆ.

ಸುಭಾಷ ಹೋದ ಮೇಲೆ ಅವಳು ಫೋಟೋ ತೋರಿಸಿದಳು.

"ಯಪ್ಪಾ, ನೋಡ! ಅವರ ವಿಜ್ಞಾನಿ!"

ಮೈಲಾರೆಪ್ಪ ಕಣ್ಣು ಕಿರಿದು ಮಾಡಿದ. "ಮಾರಿಗೆ ಮಾರಿ ಹೋಲತಾವ ಮಗಳ. ಒಬ್ಬಂದ ನೋಡಿ ಏನ ಹೇಳಾಕ ಬರತೇತಿ? ಡಿಪ್ಲೋಮಾ ಅಂದ್ರ ಅರ್ಧಾ ಬೆಂದ ಅನ್ನ. ಡಿಗ್ರಿ ಅಂದ್ರ ಡಿಗ್ರಿ."

"ನೀ ಹೊಸಾ ಬೀಜ ತಂದ್ರ ಮೊದಲ ಏನ ಮಾಡ್ತಿ?"

"ನೂರ ಕಾಳ ಎಣಿಸಿ ಹಸೀ ಗೋಣಿಯೊಳಗ ಸುತ್ತಿಡತೇನಿ. ಎಷ್ಟ ಮೊಳಕಿ ಒಡೀತಾವ ನೋಡಿ ಆಮ್ಯಾಲೆ ಬಿತ್ತತೇನಿ."

"ಪಾಕೀಟಿನ ಮ್ಯಾಲಿನ ಚಿತ್ರಾ ನೋಡಿ ಬಿತ್ತಂಗಿಲ್ಲಲಾ? ಕಾಲೇಜಿಗೂ ಹಂಗ ಮಾಡೂಣು. ಅಲ್ಲಿ ಓದಿದ ಇಪ್ಪತ್ತ ಮಂದಿ, ಡಿಪ್ಲೋಮಾ ಓದಿದ ಇಪ್ಪತ್ತ ಮಂದಿ. ಎಷ್ಟ ಮೊಳಕಿ ಒಡದಾರ ನಾ ಎಣಿಸಿ ತರತೇನಿ."

ಅಪ್ಪ ತಲೆ ಕೆರೆದುಕೊಂಡ. ಬೀಜದ ಮಾತಿನಲ್ಲಿ ಅಲ್ಲಿಯವರೆಗೆ ಅವನನ್ನು ಸೋಲಿಸಿದವರು ಯಾರೂ ಇರಲಿಲ್ಲ.

"ಶನಿವಾರದೊಳಗ ತಾ. ಅವತ್ತ ಹನ್ನೊಂದಕ್ಕ ಹಾವೇರಿಯೊಳಗ ರೊಕ್ಕಾ ಕಟ್ಟೋದೈತಿ."

* * *

ಇಪ್ಪತ್ತು ಹೆಸರು ಬೇಕಾದರೆ ಮತ್ತೆ ಆ ಹೇಸಿ ಮನುಷ್ಯನ ಹತ್ತಿರವೇ ಹೋಗಬೇಕು. ಬೀಜದ ಆಫೀಸಿನಿಂದ ನಂಬರ್ ಸಿಕ್ಕಿತು.

"ನಮ್ಮ ಬ್ಯಾಚಿನವರು ಈ ಕಡೆ ಇಪ್ಪತ್ತ ಮಂದಿ ಬರೋಬ್ಬರಿ ಅದಾರ್ರಿ," ಎಂದ ಯಲ್ಲೇಶ. "ಎರಡಕ್ಕ ನನ್ನ ಡ್ಯೂಟಿ ಮುಗೀತೇತಿ. ನಾನ ಕರಕೊಂಡ ಹೋಗತೇನಿ. ಒಂದ ಮಾತು... ಬ್ಯಾಡಗಿಯೊಳಗ ನಮ್ಮ ಮನಿ ಐತಿ. ಅಲ್ಲಿ ಮಾತ್ರ ಹೋಗಬ್ಯಾಡ್ರಿ."

"ಯಾಕ?"

"ಬ್ಯಾಡ್ರಿ. ಅಷ್ಟ."

ಮಂಗಳವಾರ ಮಧ್ಯಾಹ್ನ ಅವನು ಇಸ್ತ್ರಿ ಮಾಡಿದ ನೀಲಿ ಅಂಗಿಯಲ್ಲಿ, ತಲೆ ಬಾಚಿಕೊಂಡು ಬಂದ. ಮೂರು ಸಲ ಸೋಪು ಹಾಕಿ ಮಿಂದಿದ್ದನಂತೆ. ಆದರೂ ಬೈಕಿನ ಹಿಂದೆ ಕೂತವಳಿಗೆ ಸೋಪಿನ ಕೆಳಗಿನಿಂದ ಆ ಹುಳಿ ವಾಸನೆ ಇಣುಕಿ ನೋಡುತ್ತಲೇ ಇತ್ತು.

ಮೊದಲನೆಯವನು ರಾಣೆಬೆನ್ನೂರಿನ ಔಷಧಿ ಅಂಗಡಿಯಲ್ಲಿ. ಬೆಳೆಗೆ ಹೊಡೆಯುವ ವಿಷವನ್ನು ದೊಡ್ಡ ಕ್ಯಾನಿನಿಂದ ಸಣ್ಣ ಬಾಟಲಿಗೆ ತುಂಬುವ ಕೆಲಸ. ಬೆರಳ ಸಂದಿಗಳಲ್ಲಿ ಕಜ್ಜಿ. ಕೈ ಕೆರೆದುಕೊಳ್ಳುತ್ತಲೇ ಅವರಿಗೆ ಚಹಾದ ಕಪ್ಪು ಕೊಟ್ಟ. ದ್ರಾಕ್ಷಾಯಿಣಿಗೆ ಕುಡಿಯಲಾಗಲಿಲ್ಲ, ಇಡಲಾಗಲಿಲ್ಲ.

ಎರಡನೆಯವನು ಬೈಕ್ ಸಾಲದ ವಸೂಲಿ. ರೈತರ ಮನೆ ಮುಂದೆ ನಿಂತು ಬಯ್ಯುವುದು. "ಬೈಗುಳ ಮಾತ್ರ ಕಾಲೇಜಿನ್ಯಾಗ ಕಲಿಸಿರಲಿಲ್ಲ, ನಾನ ಕಲತೆ," ಎಂದ ಹೆಮ್ಮೆಯಿಂದ.

ಮೂರನೆಯವಳು ಹಾವೇರಿಯ ಒಂದು ಮನೆಯ ಸೊಸೆ. ಡಿಗ್ರಿ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆ ಹಾಳಾಗದಿರಲಿ ಅಂತ ಕೆಳಗೆ ಹಾಸಿದ್ದಳು. ಜಿರಳೆ ಒಂದು ಮೂಲೆ ತಿಂದಿತ್ತು.

ಏಳನೆಯವನನ್ನು ಕಂಡಾಗ ಅವಳಿಗೆ ನಿಜಕ್ಕೂ ಉಗುಳಬೇಕೆನಿಸಿತು. ಅವನು ಈಗ ಹಸಿರುಸಿರಿಗೇ ಸೀಟು ಮಾರುವ ಏಜೆಂಟು! "ನಾ ಮುಳುಗೇನಿ ಅಂದಮ್ಯಾಲೆ ಇನ್ನ ನಾಕ ಮಂದಿ ಮುಳುಗ್ಲಿ ಬಿಡ್ರಿ, ಕಮಿಷನ್ ಆದ್ರೂ ಸಿಗತೇತಿ," ಎಂದು ಕಿಸಕ್ಕನೆ ನಕ್ಕ. ಅವನ ಹಲ್ಲಿನ ಸಂದಿಯಲ್ಲಿ ಗುಟ್ಕಾ ಕೂತಿತ್ತು.

ಬುಧವಾರ, ಗುರುವಾರ... ಹತ್ತೊಂಬತ್ತು ಮಂದಿ ಮುಗಿದರು. ಕೃಷಿ ಎಂಬ ಹೆಸರಿನ ಹತ್ತಿರ ಸುಳಿದವರು ಇಬ್ಬರು. ಎರಡು ಮೊಳಕೆ!

ಡಿಪ್ಲೋಮಾದ ಇಪ್ಪತ್ತು ಹೆಸರು ಕೊಟ್ಟವನು ಯಲ್ಲೇಶನ ಸೂಪರ್‌ವೈಜರ್ ಭರಮಣ್ಣ. ಅವರಲ್ಲಿ ಹನ್ನೆರಡು ಮಂದಿ ಬೀಜದ ಪ್ಲಾಟು, ನರ್ಸರಿ, ಕೃಷಿ ಇಲಾಖೆ ಎಂದು ಒಂದಲ್ಲ ಒಂದು ಕಡೆ ಬೇರು ಬಿಟ್ಟಿದ್ದರು.

"ಭರಮಣ್ಣನೂ ಡಿಪ್ಲೋಮಾನ?" ಎಂದು ಕೇಳಿದಳು.

"ಹೌದ್ರಿ. ಅವ ಎರಡ ವರ್ಷ ಓದಿ ಬೈತಾನ. ನಾ ನಾಕ ವರ್ಷ ಓದಿ ಬೈಸ್ಕೋತೇನಿ."

ಅವಳು ನಕ್ಕಳು. ನಕ್ಕದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಈ ಮೂರು ದಿನದಲ್ಲಿ ಅವನು ಚಹಾದ ಅಂಗಡಿಯಲ್ಲಿ ಯಾವಾಗಲೂ ಗಾಳಿ ಯಾವ ಕಡೆ ಬೀಸುತ್ತದೆ ನೋಡಿ, ಅವಳಿಗೆ ವಾಸನೆ ಬಾರದ ಕಡೆ ಕೂರುತ್ತಿದ್ದ. ಅದನ್ನು ಅವಳು ಗಮನಿಸಿದ್ದಳು. ಗುರುವಾರ ಹೊತ್ತಿಗೆ ಅವಳಿಗೇ ಗೊತ್ತಾಗದಂತೆ ಅವಳ ಮೂಗು ಆ ಹುಳಿ ವಾಸನೆಯನ್ನು ದಾಟಿ ಸೋಪಿನ ವಾಸನೆಯನ್ನು ಹುಡುಕತೊಡಗಿತ್ತು.

ಛೀ! ಇವನ ವಾಸನಿ ನಾ ಯಾಕ ಹುಡುಕಾಕತ್ತೇನಿ?

* * *

ಗುರುವಾರ ಸಂಜೆ ಅವಳನ್ನು ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ ಅವನು ಹೋದ. ಕರ್ಜಗಿ ಬಸ್ಸಿಗೆ ಕಾಯುತ್ತಾ ಅವಳು ರಸ್ತೆಯ ಆಚೆ ನೋಡಿದಳು.

ಆ ದೊಡ್ಡ ಬ್ಯಾನರಿನ ಕೆಳಗೆ ಸುಭಾಷನ ಕಾರು. ಕಾರಿನ ಪಕ್ಕ ಯಲ್ಲೇಶ. ಸುಭಾಷ ಅವನ ಹೆಗಲ ಮೇಲೆ ಕೈ ಹಾಕಿ, ಒಂದು ದಪ್ಪ ಕಂದು ಪಾಕೀಟನ್ನು ಅವನ ಕೈಗಿಟ್ಟ. ಯಲ್ಲೇಶ ಅತ್ತ ಇತ್ತ ನೋಡಿ, ಅದನ್ನು ಬೈಕಿನ ಡಬ್ಬಿಯಲ್ಲಿ ತುರುಕಿದ.

ಅವಳು ಕಂಬದ ಮರೆಗೆ ಸರಿದಳು.

ಅಂದರೆ... ಇವನೂ ಏಜೆಂಟ! ಮೂರು ದಿನ ನನ್ನ ಜೋಡಿ ತಿರುಗಿ, ನಾ ಏನ ಎಣಿಸೇನಿ ಅನ್ನೋದು ಅವರಿಗೆ ಹೇಳಾಕ! ಬ್ಯಾನರಿನ ಮಾರಿಗೆ ಪಗಾರ!

ಆ ಗುಟ್ಕಾದ ಹಲ್ಲು ನೆನಪಾಯಿತು. ಅವನ ಬೈಕಿನ ಹಿಂದೆ ಕೂತಿದ್ದ ತನ್ನ ಮೈಯನ್ನೇ ತೊಳೆದುಕೊಳ್ಳಬೇಕೆನಿಸಿತು. ಮನೆಗೆ ಹೋಗಿ ಎರಡು ಕೊಡ ನೀರು ಸುರಿದುಕೊಂಡಳು. ಹೋಗಲಿಲ್ಲ. ಆ ಅಸಹ್ಯ ಚರ್ಮದ ಮೇಲಿರಲಿಲ್ಲ.

ಇಪ್ಪತ್ತರಲ್ಲಿ ಹತ್ತೊಂಬತ್ತು ಆಗಿತ್ತು. ಉಳಿದವನು ಯಲ್ಲೇಶನೇ. ಶುಕ್ರವಾರ ಬೆಳಿಗ್ಗೆ ಅವಳು ಬ್ಯಾಡಗಿಯ ಬಸ್ಸು ಹತ್ತಿದಳು.

* * *

ಬಸ್ಸಿನಿಂದ ಇಳಿದ ಕೂಡಲೇ ಆರು ಸೀನು. ಬ್ಯಾಡಗಿಯ ಸ್ವಾಗತ ಅದು. ಗಾಳಿಯಲ್ಲೇ ಮೆಣಸಿನಕಾಯಿ.

ಯಲ್ಲೇಶನ ಮನೆಯ ಕಟ್ಟೆಯ ಮೇಲೆ ಒಬ್ಬ ಹೆಂಗಸು ಕೂತು ಕೆಂಪು ರಾಶಿಯಿಂದ ಒಂದೊಂದೇ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಅವಳಿಗೆ ಸೀನಿಲ್ಲ, ಕೆಮ್ಮಿಲ್ಲ.

"ನಿಮಗ ಘಾಟ ಹತ್ತಂಗಿಲ್ಲೇನ್ರಿ ಅವ್ವಾರ?"

"ಮೂವತ್ತ ವರ್ಷ ಆತ ತಂಗಿ. ಮೂಗ ಸತ್ತ ಹೋಗೇತಿ. ಮಲ್ಲಿಗೀನೂ ಅಷ್ಟ, ಮೋರೀನೂ ಅಷ್ಟ," ಎಂದು ಆ ಹೆಂಗಸು, ದುರಗವ್ವ, ನಕ್ಕಳು. "ಯಾರ ಬೇಕಾಗಿತ್ತು?"

"ಯಲ್ಲೇಶ ಅವರ ಮನಿ..."

"ನನ್ನ ಮಗಾನ! ಬಾ, ಒಳಗ ಬಾ. ಅವ ಆಫೀಸಿಗೆ ಹೋಗ್ಯಾನ. ಎಸಿ ಇರತೇತಂತ ಅಲ್ಲಿ. ಬಿಳೀ ಕೋಟ ಹಾಕ್ಕೋತಾನ. ಹಾವೇರಿಯೊಳಗ ನೋಡಿಲ್ಲೇನು ನೀ? ನಾ ತಿಂಗಳಿಗೊಮ್ಮಿ ಬಸ್ಸಿಗೆ ಹೋಗಿ ನೋಡಿಕೊಂಡ ಬರತೇನಿ."

ದ್ರಾಕ್ಷಾಯಿಣಿಗೆ ರೇಗಿತು. ನಾಟಕ! ಇಡೀ ಮನಿ ಕೂಡಿ ನಾಟಕ!

"ಇದನ್ನೂ ನೋಡ್ರಿ," ಎಂದು ಮೊಬೈಲ್ ಅವಳ ಮುಖದ ಮುಂದೆ ಹಿಡಿದಳು. "ಇದ ನಿಮ್ಮ ಮಗನ ಎಸಿ ಆಫೀಸು!"

ದುರಗವ್ವ ಕೆಂಪಾದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಫೋನು ಹಿಡಿದಳು. ನೊರೆ. ನೊಣ. ಮೊಣಕೈವರೆಗೆ ಇಳಿದ ಕೈ.

ಆ ಹೊತ್ತಿಗೆ ದ್ರಾಕ್ಷಾಯಿಣಿಯ ಕಣ್ಣು ಬಾಗಿಲಿನಾಚೆ ಗೋಡೆಗೆ ಬಿತ್ತು. ಎಲ್ಲಮ್ಮನ ಫೋಟೋದ ಪಕ್ಕದಲ್ಲಿ, ಅದಕ್ಕಿಂತ ದೊಡ್ಡ ಕಟ್ಟು ಹಾಕಿಸಿ, ಆ ಬಣ್ಣದ ಕಾಗದ ನೇತಾಡುತ್ತಿತ್ತು. ಬಿಳಿ ಕೋಟಿನ ಮೇಲೆ ಕುಂಕುಮದ ಬೊಟ್ಟು.

ಅಯ್ಯೋ...

ಬೋರ್ಡ್ ತೆಗೆಯಿರಿ ಎಂದು ಅವನು ಯಾಕೆ ಹೇಳಲಿಲ್ಲ? ಮನೆಗೆ ಯಾಕೆ ಹೋಗಬೇಡ ಎಂದ? ಎಲ್ಲಾ ಒಂದೇ ಏಟಿಗೆ ಗೊತ್ತಾಯಿತು. ಆದರೆ ಫೋನು ಆಗಲೇ ದುರಗವ್ವನ ಕೈಯಲ್ಲಿತ್ತು.

ಆಕೆ ಅಳಲಿಲ್ಲ. ಬಯ್ಯಲಿಲ್ಲ. ಫೋನು ವಾಪಸು ಕೊಟ್ಟು, "ಬಿಸಲಾಗ ಬಂದೀದಿ. ಚಾ ಕುಡದ ಹೋಗ," ಎಂದಳು.

ಆ ಚಹಾದಷ್ಟು ಕಹಿಯಾದದ್ದನ್ನು ದ್ರಾಕ್ಷಾಯಿಣಿ ಜನ್ಮದಲ್ಲಿ ಕುಡಿದಿರಲಿಲ್ಲ.

* * *

ಸಂಜೆ ಅವನ ಫೋನು ಬಂತು. ಅವಳು ಬಾಯಿ ತೆರೆಯುವ ಮೊದಲೇ ಅವನು ಹೇಳಿದ.

"ನಮ್ಮ ಮನಿಗೆ ಮಾತ್ರ ಹೋಗಬ್ಯಾಡ್ರಿ ಅಂದಿದ್ದೆ. ನನ್ನೂ ಎಣಿಸಿಬಿಟ್ರಿ."

ಫೋನು ಕಟ್ಟಾಯಿತು. ಆಮೇಲೆ ಎಷ್ಟು ಸಲ ಹಚ್ಚಿದರೂ ಎತ್ತಲಿಲ್ಲ.

ಲೆಕ್ಕದ ವಹಿಯನ್ನು ಅಪ್ಪನ ಮುಂದಿಟ್ಟಳು. ಯಲ್ಲೇಶನನ್ನೂ ಸೇರಿಸಿ ಇಪ್ಪತ್ತರಲ್ಲಿ ಮೂರು. ಇಪ್ಪತ್ತರಲ್ಲಿ ಹನ್ನೆರಡು. ಮೈಲಾರೆಪ್ಪ ಎರಡೆರಡು ಸಲ ಓದಿದ.

"ಸುಭಾಷಗ ಫೋನ್ ಹಚ್ಚಿ ಕೇಳಿದೆ. ಇದೆಲ್ಲಾ ಹೊಟ್ಟಿಕಿಚ್ಚಿನ ಮಂದಿ ಕಟ್ಟಿದ ಸುಳ್ಳು ಅಂತಾನ. ನಾ ಯಾರ್ನ ನಂಬಲಿ? ಆ ಬೋರ್ಡಿನ ಹುಡುಗ ನನ್ನ ಮುಂದ ನಿಂತು ತನ್ನ ಬಾಯಿಲೆ ಹೇಳಲಿ. ಇಲ್ಲಂದ್ರ ನಾಳೆ ಹನ್ನೊಂದಕ್ಕ ಹೊಲದ ಕಾಗದಕ್ಕ ಸಹಿ. ಹೊಲಾ ಕೊಳ್ಳಾಂವ ರೊಕ್ಕಾ ಹಿಡಕೊಂಡ ಅಲ್ಲಿಗೇ ಬರತಾನ."

ಎಂಥಾ ಇಂಟರ್‌ವಲ್ಲು ನೋಡಿ! ತನ್ನ ಹೊಲ ಉಳಿಸಬಲ್ಲ ಒಂದೇ ಬಾಯಿಯನ್ನು ಅವಳೇ ಕೈಯಾರೆ ಮುಚ್ಚಿಸಿದ್ದಳು.

* * *

ಶನಿವಾರ ಬೆಳಿಗ್ಗೆ ಏಳಕ್ಕೆ ಅವಳು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ವಾಸನೆ ಮೊದಲಿನಷ್ಟೇ ಹೊಲಸಾಗಿತ್ತು. ಪ್ರೀತಿ ಬಂದರೆ ನಾತ ಅತ್ತರಾಗುತ್ತದೆ ಎನ್ನುವುದೆಲ್ಲಾ ಸುಳ್ಳು.

ಒಳಗೆ ಒಂದು ಕ್ರೇಟು ಬೋರಲು ಹಾಕಿಕೊಂಡು ದುರಗವ್ವ ಕೂತಿದ್ದಳು! ಸೀರೆ ಎತ್ತಿ ಕಟ್ಟಿ, ಜರಡಿಯಲ್ಲಿ ಬೀಜ ತೊಳೆಯುತ್ತಿದ್ದಳು. ಯಲ್ಲೇಶ ದೂರದ ಬ್ಯಾರೆಲ್ಲಿಗೆ ಮುಖ ಮಾಡಿ ನಿಂತಿದ್ದ. ತಿರುಗಲಿಲ್ಲ.

"ಬಾ ತಂಗಿ," ಎಂದಳು ದುರಗವ್ವ. "ನಿನ್ನೆ ಇವ ಮನೀಗೆ ಬಂದ. ಇಸ್ತ್ರಿ ಅಂಗಿ. ಸೋಪ ಹಾಕ್ಯಾನೋ ಇಲ್ಲೋ, ನನ್ನ ಮೂಗಿಗೆ ಏನ ತಿಳೀಬೇಕು? ಕೈ ಹಿಡದ ನೋಡಿದೆ. ಬಿರಕು ಬಿಟ್ಟಿದ್ವು."

"ಅವ್ವಾರ, ನಾ..."

"ಕೆಲಸಕ್ಕ ಬ್ಯಾಸರ ಆಗಲಿಲ್ಲ ನನಗ. ಘಾಟಿನ್ಯಾಗ ಕುಂತ ಇವನ್ನ ಓದಿಸೇನಿ. ಹಂಗಾರ ಅವ್ವನ ಕೆಲಸಕ್ಕೂ ನೀ ನಾಚಿಕೊಂಡಿದ್ದೇನಲೇ ಅಂತ ಕೇಳಿದೆ. ಆಗ ಅತ್ತ, ಮಗಾ. ಇವನ ಕೆಲಸ ನೋಡೂಣು ಅಂತ ಇವತ್ತ ನಾನೂ ಬಂದೆ."

"ಯವ್ವಾ, ಸಾಕ ಬೇ," ಎಂದ ಯಲ್ಲೇಶ, ಗೋಡೆಗೆ ಹೇಳುವಂತೆ.

ದ್ರಾಕ್ಷಾಯಿಣಿ ಅವನ ಪಕ್ಕ ಹೋಗಿ ನಿಂತಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಳು. ಒಂದು ಸಾಲೂ ನೆನಪಿಗೆ ಬರಲಿಲ್ಲ. ತೋಳು ಮೇಲೇರಿಸಿ, ಕಣ್ಣು ಮುಚ್ಚಿ, ಎರಡೂ ಕೈಯನ್ನು ಬ್ಯಾರೆಲ್ಲಿಗೆ ಇಳಿಸಿಬಿಟ್ಟಳು. ಬೆಚ್ಚಗೆ, ಲೋಳೆಲೋಳೆಯಾಗಿ, ಜೀವ ಇದ್ದಂತೆ ಅದು ಬೆರಳ ಸಂದಿಯಲ್ಲಿ ನುಸುಳಿತು.

"ಏ! ಕೈ ತಗೀರಿ! ಬೀಜ ಬಿಡಸಾಕ ಅದಕ್ಕ ಆಸಿಡ್ ಹಾಕೇನಿ!"

ಅವಳ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಹಿಡಿದ. ನೀರು ಸುರಿಯಿತು. ಅವನ ಬಿರುಕುಬಿಟ್ಟ ಬೆರಳುಗಳು ಅವಳ ಬೆರಳುಗಳನ್ನು ಒಂದೊಂದಾಗಿ ತೊಳೆದವು.

"ಆ ಪಾಕೀಟಿನ್ಯಾಗ ರೊಕ್ಕಾ ಐತಿ ಅಂತ ತಿಳಕೊಂಡೆ," ಎಂದಳು ಕೊನೆಗೆ, ನೀರು ನೋಡುತ್ತಾ. "ಗುರುವಾರ. ಸುಭಾಷನ ಕಾರಿನ ಕಡೆ."

"ಅಂಗಿ ಇತ್ರಿ. ಕಾಲೇಜಿನ ಹೆಸರ ಬರದಿದ್ದು. ಇವತ್ತ ಅದನ್ನ ಹಾಕ್ಕೊಂಡು ಮಂದಿ ಮುಂದ ನಿಂದ್ರು ಅಂದಿದ್ದ. ಒಲ್ಲೆ ಅಂದ್ರ ಅವ್ವಗ ಹೇಳತೇನಿ ಅಂದ."

"ನಾ ಕೇಳಬೇಕಾಗಿತ್ತು."

"ಹೂಂ."

"ಕೇಳಲಿಲ್ಲ. ಹೊಲಸ ಕೆಲಸ ನಾ ಮಾಡಿದೆ... ನೀವಲ್ಲ." ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ಹನ್ನೊಂದಕ್ಕ ಅಪ್ಪ ಸಹಿ ಮಾಡತಾನ. ನೀವು ಬಂದು ಖರೇ ಹೇಳ್ರಿ ಅಂತ ಕೇಳಾಕ ಬಂದಿದ್ದೆ. ಈಗ ಯಾವ ಬಾಯಿಲೆ ಕೇಳಲಿ?"

ಯಲ್ಲೇಶ ನಲ್ಲಿ ಬಂದ್ ಮಾಡಿದ. ಅವ್ವನ ಕಡೆ ನೋಡಿದ.

"ನನ್ನ ಮಾರಿ ಏನ ನೋಡತಿ?" ಎಂದಳು ದುರಗವ್ವ ಜರಡಿ ಆಡಿಸುತ್ತಾ. "ನನಗ ಹೇಳೋದು ಇನ್ನೇನ ಉಳದೈತಿ ಅವಗ? ಹೋಗ. ಬೀಜ ನಾ ತೊಳೀತೇನಿ."

* * *

ರೊಕ್ಕ ಕಟ್ಟಿಸಿಕೊಳ್ಳಲು ಕಾಲೇಜಿನವರು ಹಿಡಿದಿದ್ದ ಹಾವೇರಿಯ ಸಭಾಂಗಣದಲ್ಲಿ ಫ್ಯಾನು, ಪ್ಲಾಸ್ಟಿಕ್ ಹೂವು, ಮೈಕು, ಗೋಡೆಗೆ ಅದೇ ಬ್ಯಾನರು. ಅರವತ್ತು ಅಪ್ಪಂದಿರು ಸಾಲಾಗಿ ನಿಂತಿದ್ದರು. ಮೈಲಾರೆಪ್ಪ ಆರನೆಯವನು.

ಮೊದಲು ಬಂದದ್ದು ವಾಸನೆ. ಆಮೇಲೆ ಯಲ್ಲೇಶ.

ಗಮ್‌ಬೂಟು, ಟೊಮ್ಯಾಟೊ ಮೆತ್ತಿದ ಬನಿಯನ್ನು. ಸಭಾಂಗಣದ ತುಂಬ ಕರವಸ್ತ್ರಗಳು ಮೂಗಿಗೆ ಏರಿದವು. ಒಬ್ಬ ಕಿಟಕಿಗೆ ಓಡಿದ.

"ಏ ಯಲ್ಲೇಶ! ಅಂಗಿ ಎಲ್ಲಿ?" ಸುಭಾಷ ಧಾವಿಸಿ ಬಂದ. "ಥೂ, ಏನ್ ವಾಸನೆ ಇದು?"

"ಒಂಬತ್ತ ಲಕ್ಷದ್ದು ಸರ್," ಎಂದ ಯಲ್ಲೇಶ. "ನೀವ ಬರದಿದ್ರೆಲಾ... ಇದ ಅದು!"

ಸೀಟಿ ಹೊಡೆಯುವ ಡೈಲಾಗು. ಆದರೆ ಯಾರೂ ಸೀಟಿ ಹೊಡೆಯಲಿಲ್ಲ. ಅರವತ್ತು ಅಪ್ಪಂದಿರು ಬ್ಯಾನರಿನ ಮುಖವನ್ನೂ ಎದುರಿಗಿದ್ದ ಮುಖವನ್ನೂ ಹೋಲಿಸಿ ನೋಡುತ್ತಿದ್ದರು.

ಯಲ್ಲೇಶ ಮೈಲಾರೆಪ್ಪನ ಮುಂದೆ ನಿಂತ. "ಬೋರ್ಡಿನ ಹುಡುಗ ನಾನ್ರಿ ಕಾಕಾ. ಕೋಟು ಬ್ಯಾರೇರದು, ಪಗಾರ ಸುಳ್ಳು. ನಿಮ್ಮ ಮಗಳು ಬರದದ್ದು ಒಂದೊಂದ ಅಕ್ಷರ ಖರೇ. ನಾ ಎರಡ ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ತಪ್ಪಾತು."

ಮೈಲಾರೆಪ್ಪ ಮೂಗು ಮುಚ್ಚಿಕೊಳ್ಳಲಿಲ್ಲ. ಅವನ ಕೈ ಎತ್ತಿ ಹಿಡಿದು, ತಿರುಗಿಸಿ ನೋಡಿದ. ಉಗುರಿನ ಸಂದಿಯಲ್ಲಿ ಒಂದು ಬೀಜ ಅಂಟಿತ್ತು.

"ನಾಕ ವರ್ಷದಾಗ ಹೊಲಕ್ಕ ಎಷ್ಟ ಸಾರಿ ಕರಕೊಂಡ ಹೋಗಿದ್ರು?"

"ಎಂಟ ಸಾರಿ ಕಾಕಾ. ಅದರಾಗ ಐದ ಸಾರಿ ಫೋಟೋ ತಗ್ಯಾಕ."

"ಈ ಬೀಜ ತಗಿಯೋ ಕೆಲಸ ಎಲ್ಲಿ ಕಲತಿ?"

"ಶೆಡ್ಡಿನ್ಯಾಗ. ಭರಮಣ್ಣ ಕಲಿಸಿದ. ಅವ ಡಿಪ್ಲೋಮಾ."

ಮೈಲಾರೆಪ್ಪ ಸುಭಾಷನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಹೊಲದಲ್ಲಿ ಹುಳ ಬಿದ್ದ ಹಣ್ಣನ್ನು ನೋಡುವ ನೋಟ. "ನಮ್ಮನಿ ಮಜ್ಜಿಗಿ ಕುಡದ ಹ್ವಾದೆಲ್ಲೋ ನೀ... ಥೂ!" ಎಂದು ಹೊಲದ ಕಾಗದವನ್ನು ಮಡಚಿ ಒಳಜೇಬಿಗೆ ಸೇರಿಸಿದ. ಆಮೇಲೆ ಮಗಳ ಕಡೆ ತಿರುಗಿದ.

"ದ್ರಾಕ್ಷೀ, ಆ ಡಿಪ್ಲೋಮಾದ ಅರ್ಜಿ ಎಲ್ಲಿ ಸಿಗತೇತಿ?"

"ತುಂಬಿ ಇಟ್ಟೇನಿ ಯಪ್ಪಾ..." ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. "ನಿನ್ನ ಸಹಿ ಒಂದ ಬಾಕಿ."

ಸಾಲಿನಲ್ಲಿದ್ದ ಅಪ್ಪಂದಿರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕತೊಡಗಿದರು.

* * *

ಸಭಾಂಗಣದ ಹೊರಗೆ ಬೇವಿನ ಮರದ ನೆರಳು. ಅಪ್ಪ ಪೆನ್ನು ಕೇಳಲು ಚಹಾದ ಅಂಗಡಿಗೆ ಹೋಗಿದ್ದ. ಯಲ್ಲೇಶ ಬೈಕಿಗೆ ಒರಗಿ ನಿಂತಿದ್ದ. ಹೋಗುವ ಅವಸರವೇನೂ ಅವನಿಗೆ ಕಾಣಲಿಲ್ಲ.

"ನನ್ನ ಮ್ಯಾಲೆ ಸಿಟ್ಟ ಐತೇನ್ರಿ?" ಅವಳು ಮೆಲ್ಲಗೆ ಕೇಳಿದಳು.

"ಐತ್ರಿ. ನಿನ್ನೆ ಭಾಳ ಇತ್ತು. ಮುಂಜಾನೆ ನೀವು ಆ ಬ್ಯಾರೆಲ್ಲಿನ್ಯಾಗ ಕೈ ಹಾಕಿದಾಗ ಅರ್ಧಾ ಹೋತು."

"ಉಳದ ಅರ್ಧಾ?"

"ಅದು ಹೋಗೂದು ಬ್ಯಾಡ ಅಂತ ಇಟ್ಕೊಂಡೇನಿ. ಅದ ನೆವದಾಗ ನೀವು ಇನ್ನೊಮ್ಮಿ ಸಮಾಧಾನ ಮಾಡಾಕ ಬರತೀರಿ."

ಅವಳು ನೆಲ ನೋಡಿದಳು. ಕೆನ್ನೆ ಬಿಸಿಯಾಯಿತು. ಬೇವಿನ ಕಡ್ಡಿಯೊಂದನ್ನು ಚೂರುಚೂರು ಮಾಡುತ್ತಾ ನಿಂತಳು.

"ದ್ರಾಕ್ಷಾಯಿಣಿ ಅವರ..." ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ನನಗ ನೀವಂದ್ರ ಭಾಳ ಇಷ್ಟ. ಹನ್ನೊಂದ ಸಾವಿರದಾಂವ ಹಿಂಗ ಹೇಳಬಾರದೇನೋ. ಆದ್ರ ಸುಳ್ಳ ಹೇಳೋದು ಇವತ್ತಿಂದ ಬಿಟ್ಟೇನಿ."

ಅವಳು ತಲೆ ಎತ್ತಿದಳು. ಕಣ್ಣು ತುಂಬಿತ್ತು. ಇನ್ನೂ ಎರಡು ಹೆಜ್ಜೆ ಹತ್ತಿರ ಬಂದಳು. ಆ ಹುಳಿ ನಾತದೊಳಕ್ಕೆ, ಸೀದಾ.

"ನನಗೂ," ಎಂದಳು. ಅಷ್ಟೇ ಹೇಳಲಾಯಿತು.

ಅವನು ಬೈಕಿನಿಂದ ಮೈ ಎತ್ತಿ ನೆಟ್ಟಗೆ ನಿಂತ.

"ಹಂಗಾರ... ಅವ್ವನ್ನ ಕರಕೊಂಡ ನಿಮ್ಮನೀಗೆ ಬರ್ಲೇನು? ಕೇಳಾಕ?"

"ಎರಡ ವರ್ಷ ತಡೀರಿ. ನನ್ನ ಓದ ಮುಗೀಲಿ. ಆಮ್ಯಾಲೆ ಅವ್ವಾರನ್ನ ಕರಕೊಂಡ ಬರ್ರಿ."

"ಎರಡ ವರ್ಷ?" ಅವನ ಮುಖ ಬಾಡಿತು. "ಅಲ್ಲೀತನಕಾ ನಾ ಏನ ಮಾಡ್ಲಿ?"

ಅಪ್ಪ ಪೆನ್ನು ಹಿಡಿದು ವಾಪಸು ಬರುತ್ತಿದ್ದ. ಅವಳು ದುಪಟ್ಟಾ ಸರಿಮಾಡಿಕೊಂಡು, ಅವನಿಗೆ ಮಾತ್ರ ಕೇಳುವಂತೆ ಹೇಳಿದಳು.

"ಅಲ್ಲೀತನಕಾ ನೀವೊಬ್ಬರ ಬರ್ರಿ."